ಹೊರದೇಶದ ದಾರಿ ನಿಂತಾಗ ಪಾರ್ಸಲ್ ಯಾರ ಕೈಗೆ ಕೊಡಬೇಕು?

2025ರ ಗಣೇಶ ಚೌತಿ ಆಗಸ್ಟ್ 27ಕ್ಕೆ ಬಂದಿತ್ತು. ಅದಕ್ಕೆ ಎರಡು ದಿನ ಮೊದಲು, 25ರಿಂದ, ನಮ್ಮ ಅಂಚೆ ಇಲಾಖೆ ಅಮೆರಿಕಕ್ಕೆ ಹೋಗುವ ಬಹುತೇಕ ಪಾರ್ಸಲ್ ತೆಗೆದುಕೊಳ್ಳುವುದನ್ನು ನಿಲ್ಲಿಸಿತು. ಅಷ್ಟೊತ್ತಿಗೆ ಅವ್ವ ಶೇಂಗಾ ಹೋಳಿಗೆ ಮಾಡಿ, ಆರಿಸಿ, ಎರಡು ಡಬ್ಬಿಗೆ ತುಂಬಿ ಇಟ್ಟಿದ್ದಳು. ನ್ಯೂಜೆರ್ಸಿಯಲ್ಲಿರುವ ನನ್ನ ತಂಗಿಗೆ ಹೋಗಬೇಕಾದ ಡಬ್ಬಿಗಳು. ನಾನು ಕಲಬುರಗಿಯ ಅಂಚೆ ಕಚೇರಿಯಿಂದ ಡಬ್ಬಿ ಸಮೇತ ವಾಪಸ್ ಬಂದದ್ದು ನೋಡಿ ಅವ್ವ ಕೇಳಿದಳು: "ಅಲ್ಲಾ, ವಿಮಾನ ಹಾರ್ಲಾಕತ್ಯಾವ, ಮಂದಿ ಹೋಗಿ ಬಂದು ಮಾಡ್ತಾರ. ಡಬ್ಬಿ ಯಾಕ ಹೋಗಂಗಿಲ್ಲ?"

ಆವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಹುಡುಕಿ, ಕೇಳಿ, ಒಂದೆರಡು ಸಲ ದುಡ್ಡು ಕಳೆದುಕೊಂಡು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಕಲಬುರಗಿ, ಬೀದರ್, ಯಾದಗಿರಿಯಲ್ಲಿ ಮಕ್ಕಳು ಹೊರಗಿರುವ ಮನೆಗಳು ಎಷ್ಟಿಲ್ಲ? ದುಬೈ, ಸೌದಿ, ಅಮೆರಿಕ, ಕೆನಡಾ. ದಾರಿ ನಿಂತಾಗ ಎಲ್ಲರೂ "ಯಾವುದು ಬೇಗ? ಯಾವುದು ಅಗ್ಗ?" ಅಂತಲೇ ಕೇಳುತ್ತಾರೆ. ನಾನು ಈಗ ಬೇರೆ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇದು ಒಂದು ತಿಂಗಳು ಎಲ್ಲೋ ನಿಂತರೆ ಒಳಗಿರುವ ವಸ್ತು ಏನಾಗುತ್ತದೆ? ನಿಂತಾಗ ಫೋನ್ ಎತ್ತಿ ಉತ್ತರ ಕೊಡುವವರು ಯಾರು?

ಮೊದಲು, ಯಾಕೆ ನಿಂತಿದೆ?

ಕಾರಣ ಗೊತ್ತಿಲ್ಲದೆ ದಾರಿ ಬದಲಿಸಿದರೆ ಸುಮ್ನೆ ಖರ್ಚು. ಅವ್ವನ ಡಬ್ಬಿಯ ಕಥೆಯನ್ನೇ ತೆಗೆದುಕೊಳ್ಳಿ. ಅಮೆರಿಕ ಮೊದಲು 800 ಡಾಲರ್ ತನಕದ ಸಾಮಾನನ್ನು ಸುಂಕ ಇಲ್ಲದೆ ಒಳಗೆ ಬಿಡುತ್ತಿತ್ತು. ಆಗಸ್ಟ್ 29ರಿಂದ ಆ ವಿನಾಯಿತಿ ತೆಗೆದುಹಾಕಿತು. ಸುಂಕ ಯಾರು ವಸೂಲಿ ಮಾಡಬೇಕು, ಹೇಗೆ ಕಟ್ಟಬೇಕು ಅನ್ನೋದು ಅಷ್ಟರಲ್ಲಿ ಸ್ಪಷ್ಟ ಆಗಲಿಲ್ಲ. ಅಂಚೆ ಚೀಲ ಹೊರುವ ವಿಮಾನ ಕಂಪನಿಗಳು ತಮ್ಮ ಕೈಲಿ ಆಗುವುದಿಲ್ಲ ಅಂದವು. ನಿಲ್ಲಿಸಿದ ಮೊದಲ ದಿನಗಳಲ್ಲಿ ಪತ್ರಗಳಿಗೂ 100 ಡಾಲರ್ ತನಕದ ಉಡುಗೊರೆಗಳಿಗೂ ಕಾಗದದ ಮೇಲೆ ದಾರಿ ಇತ್ತು. ತಿಂಗಳ ಕೊನೆಗೆ ಅದೂ ನಿಂತಿತು. ನಮ್ಮದು ಮಾತ್ರ ಅಲ್ಲ. ಜಗತ್ತಿನ 88 ಅಂಚೆ ಸಂಸ್ಥೆಗಳು ಹೀಗೆ ನಿಲ್ಲಿಸಿದ್ದವು ಎಂದು ವಿಶ್ವ ಅಂಚೆ ಒಕ್ಕೂಟವೇ ಹೇಳಿತು. ಅಮೆರಿಕಕ್ಕೆ ಹೋಗುವ ಅಂಚೆ ಒಂದೇ ವಾರದಲ್ಲಿ ಶೇ 81ರಷ್ಟು ಇಳಿದಿತ್ತು. ನಮ್ಮಲ್ಲಿ ಮತ್ತೆ ಶುರುವಾದದ್ದು ಅಕ್ಟೋಬರ್ 15ಕ್ಕೆ, ದೀಪಾವಳಿ ಇನ್ನೇನು ಬಂತು ಅನ್ನುವಾಗ.

ಇಂಥ ಸುಂಕದ ನಿಯಮ ಬದಲಾದಾಗ ಅಂಚೆ ನಿಲ್ಲುತ್ತದೆ, ಖಾಸಗಿ ಕೊರಿಯರ್ ನಡೆಯುತ್ತದೆ. ದೊಡ್ಡ ಕೊರಿಯರ್ ಕಂಪನಿಗಳು ಕಸ್ಟಮ್ಸ್ ಕೆಲಸವನ್ನು ತಾವೇ ಮಾಡಿಸುತ್ತವೆ. ಆದರೆ ಬಿಲ್ಲೂ ಜೊತೆಗೆ ಬರುತ್ತದೆ.

ಮುಷ್ಕರ ಬೇರೆ. 2024ರ ನವೆಂಬರ್ 15ರಿಂದ ಡಿಸೆಂಬರ್ 17ರ ತನಕ ಕೆನಡಾ ಅಂಚೆ ನೌಕರರ ಮುಷ್ಕರ ಇತ್ತು. ಆಗ ನಮ್ಮೂರ ಅಂಚೆಗೆ ಹಾಕಿದರೂ ಅಲ್ಲಿ ಮನೆ ಬಾಗಿಲಿಗೆ ಮುಟ್ಟಿಸುವವರೇ ಇರಲಿಲ್ಲ. ಕೊನೆಯ ತುದಿಯಲ್ಲಿ ತಮ್ಮದೇ ಗಾಡಿ ಇರುವ ಕೊರಿಯರ್‌ಗಳು ನಡೆದವು. ಇನ್ನೊಂದು ಮಾತು: ಮುಷ್ಕರ ಮುಗಿದ ದಿನವೇ ಎಲ್ಲ ಸರಿ ಹೋಗುವುದಿಲ್ಲ. ತಿಂಗಳ ರಾಶಿ ಕರಗಬೇಕಲ್ವಾ?

ಯುದ್ಧ ಅಥವಾ ವಾಯುಮಾರ್ಗ ಬಂದ್ ಆದರೆ ಅಂಚೆ, ಕೊರಿಯರ್ ಎರಡಕ್ಕೂ ಪೆಟ್ಟು. 2020ರ ಮಾರ್ಚ್‌ನಲ್ಲಿ ಕೊರೊನಾಕ್ಕೆ ಪ್ರಯಾಣಿಕರ ವಿಮಾನ ನಿಂತಾಗ ನೋಡಿದ್ದೇವೆ. ಅಂಚೆ ಚೀಲಗಳು ಹೆಚ್ಚಾಗಿ ಅವೇ ವಿಮಾನಗಳ ಹೊಟ್ಟೆಯಲ್ಲಿ ಹೋಗುತ್ತವೆ. ಇಂಥ ಹೊತ್ತಿನಲ್ಲಿ ಮೂರು ಪಟ್ಟು ದುಡ್ಡು ಕೊಟ್ಟು ಕೊರಿಯರ್ ಹಿಡಿಯುವುದಕ್ಕಿಂತ, ಅವಸರ ಇಲ್ಲದಿದ್ದರೆ, ಮನೆಯಲ್ಲೇ ಇಟ್ಟುಕೊಂಡು ಕಾಯುವುದು ಒಳ್ಳೆಯದು. ಮನೆಯಲ್ಲಿರುವ ಪೆಟ್ಟಿಗೆ ಕಳೆಯುವುದಿಲ್ಲ.

ಕಂಪ್ಯೂಟರ್ ದಾಳಿಯಿಂದಲೂ ನಿಲ್ಲುತ್ತದೆ. 2023ರ ಜನವರಿಯಲ್ಲಿ ಬ್ರಿಟನ್ನಿನ ರಾಯಲ್ ಮೇಲ್‌ನಲ್ಲಿ ಹಾಗಾಗಿ, ಹೊರದೇಶಕ್ಕೆ ಕಳಿಸುವ ಕೆಲಸ ಕೆಲ ವಾರ ಅಸ್ತವ್ಯಸ್ತವಾಗಿತ್ತು. ಆಗ ಇಂಗ್ಲೆಂಡಿನಲ್ಲಿದ್ದವರು ನಮಗೆ ಕಳಿಸಲಾಗದೆ ಒದ್ದಾಡಿದರು.

ಅಂಚೆಯೋ, ಕೊರಿಯರ್ರೋ

ನನ್ನ ಒಲವು ಮೊದಲೇ ಹೇಳಿಬಿಡುತ್ತೇನೆ. ದಾರಿ ತೆರೆದಿದ್ದರೆ, ಕೆಡದ ಸಾಮಾನಿಗೆ, ಸ್ಪೀಡ್ ಪೋಸ್ಟ್ ಇಂಟರ್‌ನ್ಯಾಷನಲ್. ಜನ ಇದನ್ನು ಇ.ಎಂ.ಎಸ್. ಅಂತಲೂ ಕರೆಯುತ್ತಾರೆ. ನಮ್ಮ ಮೂರೂ ಜಿಲ್ಲೆಯ ಪ್ರಧಾನ ಅಂಚೆ ಕಚೇರಿಗೆ ನಡೆದು ಹೋಗಿ ಕೊಡಬಹುದು. ರಸೀದಿಯ ಮೇಲೆ 13 ಅಕ್ಷರ-ಅಂಕಿಯ ನಂಬರ್ ಇರುತ್ತದೆ: ಮೊದಲು ಇಂಗ್ಲಿಷಿನ ಎರಡು ಅಕ್ಷರ, ನಡುವೆ ಒಂಬತ್ತು ಅಂಕಿ, ಕೊನೆಗೆ ಭಾರತದ ಗುರುತಾದ 'ಐಎನ್'. ಇ.ಎಂ.ಎಸ್. ಆದರೆ ಮೊದಲ ಅಕ್ಷರ 'ಇ'. ಸಾದಾ ಪಾರ್ಸಲ್ ಆದರೆ 'ಸಿ'. ಜಗತ್ತಿನ ಅಂಚೆ ಇಲಾಖೆಗಳೆಲ್ಲ ಇದೇ ಬಗೆಯ ನಂಬರ್ ಬಳಸುತ್ತವೆ. ಹಾಗಾಗಿ ಪೆಟ್ಟಿಗೆ ಭಾರತ ದಾಟಿದ ಮೇಲೆ ಇದೇ ನಂಬರನ್ನು ಆ ದೇಶದ ಅಂಚೆಯ ವೆಬ್‌ಸೈಟಿನಲ್ಲಿ ಹಾಕಿ ನೋಡಿ. ನಮ್ಮ ಕಡೆ ನಾಲ್ಕು ದಿನದಿಂದ ಒಂದೇ ಸಾಲು ತೋರಿಸುತ್ತಿದ್ದಾಗ ಅಲ್ಲಿ ಆಗಲೇ ಕಸ್ಟಮ್ಸ್ ದಾಟಿರುತ್ತದೆ. ಇದು ಗೊತ್ತಿಲ್ಲದೆ ನಮ್ಮ ಮಂದಿ ಎಷ್ಟು ರಾತ್ರಿ ನಿದ್ದೆಗೆಟ್ಟಿದ್ದಾರೆ.

ಕೊರಿಯರ್‌ನ ಬಲ ವೇಗ ಮತ್ತು ಉತ್ತರ. ಡಿಎಚ್‌ಎಲ್, ಫೆಡೆಕ್ಸ್, ಯುಪಿಎಸ್, ಅರಾಮೆಕ್ಸ್‌ನಂಥವು ಎತ್ತುವುದರಿಂದ ಮುಟ್ಟಿಸುವ ತನಕ ಹೆಚ್ಚಾಗಿ ಒಂದೇ ಕೈಯಲ್ಲಿ ಇಟ್ಟುಕೊಳ್ಳುತ್ತವೆ. ನಿಂತರೆ ಎಲ್ಲಿ, ಯಾವ ಕಾಗದಕ್ಕೆ ನಿಂತಿದೆ ಅಂತ ಹೇಳುವವರು ಸಿಗುತ್ತಾರೆ. ಆದರೆ ತೂಕದ ಲೆಕ್ಕ ಗಮನಿಸಿ. ನಮ್ಮ ಖಡಕ್ ರೊಟ್ಟಿ ಹಗುರ, ಪೆಟ್ಟಿಗೆ ದೊಡ್ಡದು. 40 ಸೆಂ.ಮೀ. ಉದ್ದ, 30 ಅಗಲ, 30 ಎತ್ತರದ ಪೆಟ್ಟಿಗೆ ಎಂದುಕೊಳ್ಳಿ. ಗಾತ್ರದ ತೂಕ ತೆಗೆಯಲು ಮೂರನ್ನೂ ಗುಣಿಸಿ 5000ದಿಂದ ಭಾಗಿಸುತ್ತಾರೆ. ಬರುವುದು 7.2 ಕೆ.ಜಿ. ತಕ್ಕಡಿಯಲ್ಲಿ 3 ಕೆ.ಜಿ. ತೋರಿಸಿದರೂ ನೀವು ಕಟ್ಟುವುದು 7.2 ಕೆ.ಜಿ.ಗೆ. ಅಂಚೆಯಲ್ಲಿ ನಾನು ಯಾವಾಗಲೂ ಕಟ್ಟಿದ್ದು ತಕ್ಕಡಿ ತೋರಿಸಿದ ತೂಕಕ್ಕೆ. ಅದಕ್ಕೇ ಕೊರಿಯರ್‌ನಲ್ಲಿ ರೊಟ್ಟಿ ಕಳಿಸುವುದು ನನಗೆ ಸರಿ ಕಾಣುವುದಿಲ್ಲ. ಶೇಂಗಾ ಹಿಂಡಿ, ಅಗಸಿ ಹಿಂಡಿ, ತೊಗರಿ ಬೇಳೆ ಆದರೆ ಸರಿ. ಸಣ್ಣ ಜಾಗದಲ್ಲಿ ಗಟ್ಟಿ ತೂಕ.

ಕೊಲ್ಲಿ ದೇಶಗಳಿಗೆ ಇನ್ನೊಂದು ತೊಡಕು ಇದೆ. ಅಲ್ಲಿ ಬಹಳ ಜನರ ಅಂಚೆ ವಿಳಾಸ ಅಂದರೆ ಪೋಸ್ಟ್ ಬಾಕ್ಸ್ ನಂಬರ್. ಕೊರಿಯರ್‌ನವರು ಪೋಸ್ಟ್ ಬಾಕ್ಸಿಗೆ ಹೋಗಿ ಕೊಡಲಾಗದು. ಅವರಿಗೆ ಕಟ್ಟಡ, ಬೀದಿ, ಎಲ್ಲಕ್ಕಿಂತ ಮುಖ್ಯವಾಗಿ ಅಲ್ಲಿನ ಮೊಬೈಲ್ ನಂಬರ್ ಬೇಕು. ನಮ್ಮ ಹುಡುಗರು ಅಲ್ಲಿ ರೂಮು, ಸಿಮ್ ಎರಡನ್ನೂ ಆಗಾಗ ಬದಲಿಸುತ್ತಾರೆ. ಬುಕ್ ಮಾಡುವ ದಿನ ಒಂದು ಸಲ ಫೋನ್ ಹಚ್ಚಿ ಕೇಳಿಕೊಳ್ಳಿ.

ಮೂರನೆಯ ಕೈ: ಏಜೆಂಟ್ ಅಂಗಡಿ

ನಾನು ಎಡವಿದ್ದು ಇಲ್ಲಿ. ಅಂಚೆ ನಿಂತ ವಾರ ಒಂದು ಡಬ್ಬಿಯನ್ನು ಪೇಟೆಯ ಒಂದು ಅಂಗಡಿಗೆ ಕೊಟ್ಟೆ. ಗೋಡೆಯ ಮೇಲೆ ದೊಡ್ಡ ದೊಡ್ಡ ಕಂಪನಿಗಳ ಚಿತ್ರ. "ಏನೂ ಚಿಂತಿ ಮಾಡಬ್ಯಾಡ್ರಿ ಅಣ್ಣಾರ, ಎಂಟ್ ದಿನದಾಗ ಮುಟ್ತದ" ಅಂದರು. ಪೆನ್ನಿನಲ್ಲಿ ಬರೆದ ಚೀಟಿ ಕೊಟ್ಟರು. ಆ ನಂಬರ್ ಒಂಬತ್ತು ದಿನ ಯಾವ ವೆಬ್‌ಸೈಟಿನಲ್ಲೂ ತೆರೆಯಲಿಲ್ಲ. ದಿನಾ ಹೋಗಿ ಕೇಳಿದ ಮೇಲೆ ಗೊತ್ತಾಯಿತು, ಡಬ್ಬಿ ಹೈದರಾಬಾದಿನ ಒಂದು ಗೋದಾಮಿನಲ್ಲಿ ಕೂತಿತ್ತು. ನಾಲ್ಕು ಊರಿನ ಪೆಟ್ಟಿಗೆ ಕೂಡಿಸಿ ಒಟ್ಟಿಗೆ ಕಳಿಸಿದರೆ ಅವರಿಗೆ ದರ ಕಡಿಮೆ ಬೀಳುತ್ತದೆ. ತಂಗಿಯ ಕೈಗೆ ಸಿಕ್ಕಾಗ 26 ದಿನ ಆಗಿತ್ತು. ಅವಳು ವಿಡಿಯೊ ಕಾಲ್‌ನಲ್ಲಿ ತೋರಿಸಿದಳು. ಹೋಳಿಗೆಯ ನಡುವೆ ಇಟ್ಟ ಕಾಗದ ಎಣ್ಣೆ ಕುಡಿದು ಗಾಜಿನಂತೆ ಆಗಿತ್ತು. ಒಂದು ಮುರಿದು ಮೂಸಿ ನೋಡಿದಳು, ಏನೂ ಅನ್ನಲಿಲ್ಲ. ಶೇಂಗಾ ಹಳಸಿದರೆ ಬರುವ ಕಮಟು ವಾಸನೆ ನಮ್ಮ ಕಡೆಯವರಿಗೆ ಗೊತ್ತು. ಅವ್ವ ಮಾತ್ರ ಫೋನಿನ ಈಚೆ ಕಡೆಯಿಂದ, "ಇರ್ಲಿ ಬಿಡವ್ವಾ, ಮುಟ್ಟಿತಲ್ಲ" ಅಂದಳು.

ಏಜೆಂಟ್ ಅಂಗಡಿಗಳೆಲ್ಲ ಕೆಟ್ಟವು ಅಂತ ನಾನು ಹೇಳುವುದಿಲ್ಲ. ಪ್ರಾಮಾಣಿಕರು ಇದ್ದಾರೆ, ದರವೂ ಕಡಿಮೆ. ಮನೆಯಿಂದ ಎತ್ತಿಕೊಂಡು ಹೋಗುತ್ತಾರೆ, ಪ್ಯಾಕಿಂಗ್ ಮಾಡಿಕೊಡುತ್ತಾರೆ. ಆದರೆ ದುಡ್ಡು ಕೊಡುವ ಮೊದಲು ಕೇಳಿ: ಕೊನೆಗೆ ಯಾವ ಕಂಪನಿಯ ನಂಬರ್ ಬರುತ್ತದೆ, ಯಾವತ್ತು ಬರುತ್ತದೆ? ಸುಂಕ ಬಂದರೆ ಯಾರು ಕಟ್ಟಬೇಕು? ವಾಪಸ್ ಬಂದರೆ ಖರ್ಚು ಯಾರದು? ಉತ್ತರವನ್ನು ವಾಟ್ಸ್‌ಆ್ಯಪ್‌ನಲ್ಲಿ ಬರೆಸಿಕೊಳ್ಳಿ. ಬರೆಯಲು ಹಿಂಜರಿದರೆ ಡಬ್ಬಿ ಎತ್ತಿಕೊಂಡು ಬನ್ನಿ.

ಬೀದರ್‌ನವರಿಗೆ ಒಂದು ಅನುಕೂಲ ಇದೆ. ಹೈದರಾಬಾದ್ ಸುಮಾರು 140 ಕಿ.ಮೀ. ಆಸ್ಪತ್ರೆಗೋ ಮದುವೆ ಜವಳಿಗೋ ಹೇಗೂ ಹೋಗುತ್ತೀರಿ. ಬೆಲೆಯ ಸಾಮಾನಿದ್ದರೆ ಅಲ್ಲಿಯ ಕಂಪನಿಯದೇ ಕೌಂಟರಿಗೆ ಕೊಡಿ. ನಡುವಿನ ಒಂದು ಕೈ ಕಡಿಮೆ ಆಗುತ್ತದೆ. ಕಲಬುರಗಿ, ಯಾದಗಿರಿಯಿಂದ ಬರೀ ಒಂದು ಪೆಟ್ಟಿಗೆಗಾಗಿ ಅಷ್ಟು ದೂರ ಹೋಗುವುದು ದಂಡ.

ಹೋಗುವವರ ಕೈಯಲ್ಲಿ ಕಳಿಸುವುದು

ನಮ್ಮಲ್ಲಿ ಇದೇ ಹಳೆಯ ದಾರಿ. ಯಾರದೋ ಮಗ ಹೊರಟಿದ್ದಾನೆ ಅಂದರೆ ಓಣಿಯ ನಾಲ್ಕು ಮನೆಯಿಂದ ಡಬ್ಬಿ ಬರುತ್ತದೆ. ಕೆಡುವ ತಿನಿಸಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಆದರೆ ಅಲ್ಲಿ ವಿಮಾನ ನಿಲ್ದಾಣದಲ್ಲಿ ಉತ್ತರ ಕೊಡಬೇಕಾದವನು ಆ ಹುಡುಗ. ಆದ್ದರಿಂದ ಟೇಪ್ ಸುತ್ತಿ ಮುಚ್ಚಿದ ಡಬ್ಬಿ ಕೊಡಬೇಡಿ. ಅವನ ಮುಂದೆಯೇ ತೆರೆದು ತೋರಿಸಿ, ಅವನೇ ಕಟ್ಟಲಿ.

ದುಬೈ, ಸೌದಿಗೆ ಹೋಗುವವರಿಗಂತೂ ಗಸಗಸೆ ಇರುವ ಏನನ್ನೂ ಕೊಡಲೇಬೇಡಿ. ಅಲ್ಲಿ ಗಸಗಸೆಯನ್ನು ಮಾದಕ ವಸ್ತುವಿನ ಸಾಲಿಗೆ ಸೇರಿಸಿದ್ದಾರೆ. ನಮ್ಮ ಕರ್ಜಿಕಾಯಿ ಹೂರಣದಲ್ಲಿ, ಅಂಟಿನ ಉಂಡೆಯಲ್ಲಿ ಅದು ಇರುತ್ತದೆ. ಮಾಡಿದವರಿಗೆ ಅದು ನೆನಪೇ ಇರುವುದಿಲ್ಲ. ಅಂಚೆ, ಕೊರಿಯರ್‌ಗೂ ಇದೇ ಮಾತು. ಬ್ರಿಟನ್, ಯುರೋಪಿಗೆ ಹಾಲು, ಖೋವಾ, ತುಪ್ಪದ ಸಿಹಿ ಹೋಗುವುದಿಲ್ಲ. ಆಸ್ಟ್ರೇಲಿಯಾ ಬೀಜ, ಕಾಳಿನ ವಿಷಯದಲ್ಲಿ ಬಹಳ ಬಿಗಿ. ಎಷ್ಟೋ ಸಲ ದಾರಿ ಸರಿ ಇರುತ್ತದೆ. ನಿಲ್ಲುವುದು ಒಳಗಿರುವ ವಸ್ತುವಿನಿಂದ.

ಕಾಗದಪತ್ರ: ಇಲ್ಲಿ ಅಗ್ಗ ನೋಡಬೇಡಿ

ಕೆನಡಾ ಮುಷ್ಕರದ ಹೊತ್ತಿನಲ್ಲಿ ಯಾದಗಿರಿಯ ನನ್ನ ಗೆಳೆಯನ ಮಗಳು ಅಂಕಪಟ್ಟಿಯ ಮೊಹರು ಮಾಡಿದ ಲಕೋಟೆ ಕಳಿಸಬೇಕಿತ್ತು. ಅಂಚೆಗೆ ಹಾಕಿ ಕಾಯೋಣ ಅಂತ ಗೆಳೆಯ, ಇಲ್ಲ ಅಂತ ನಾನು. ಅರ್ಧ ಕೆ.ಜಿ. ಒಳಗಿನ ಲಕೋಟೆಗೆ ಕೊರಿಯರ್ ದರ ಜಾಸ್ತಿ ಅನಿಸುತ್ತದೆ, ನಿಜ. ಆದರೆ ಒಂದು ಸೀಟು ತಪ್ಪಿದರೆ ವರ್ಷವೇ ಹೋಗುತ್ತದೆ. ಕೊನೆಗೆ ಕೊರಿಯರ್‌ನಲ್ಲೇ ಕಳಿಸಿದ, ವಾರದೊಳಗೆ ಮುಟ್ಟಿತು.

ಕಳಿಸುವ ಮುಂಚೆ ಇನ್ನೂ ಒಂದು ಕೇಳಿ: ಕಾಗದವೇ ಬೇಕಾ? ಆನ್‌ಲೈನ್‌ನಲ್ಲಿ ನೇರ ವಿಶ್ವವಿದ್ಯಾಲಯದಿಂದ ಕಳಿಸಿದರೆ ನಡೆಯುತ್ತದಾ? ನಡೆಯುವುದಾದರೆ ಅದೇ ಎಲ್ಲಕ್ಕಿಂತ ಗಟ್ಟಿ ದಾರಿ. ಪಾಸ್‌ಪೋರ್ಟ್, ಮೂಲ ಪದವಿ ಪತ್ರದಂಥ ಒಂದೇ ಪ್ರತಿ ಇರುವುದನ್ನು ದಾರಿ ಅಲುಗಾಡುತ್ತಿರುವ ವಾರದಲ್ಲಿ ಯಾರ ಕೈಗೂ ಕೊಡಬೇಡಿ.

ಬಿದರಿ ಮಾರುವವರಿಗೆ

ಬೀದರ್‌ನಲ್ಲಿ ಬಿದರಿ ಹೂದಾನಿ, ಪೆನ್ ಸ್ಟ್ಯಾಂಡ್, ಕಿವಿಯೋಲೆ ಮಾಡಿ ಹೊರದೇಶಕ್ಕೆ ಮಾರುವ ಮನೆಗಳಿಗೆ ಲೆಕ್ಕ ಬೇರೆ. ಸತುವಿನ ಸಾಮಾನು, ಗಾತ್ರ ಸಣ್ಣದಿದ್ದರೂ ಭಾರ. ಬೆಳ್ಳಿ ಕೂಡಿಸಿರುವುದರಿಂದ ಬೆಲೆಯೂ ಇದೆ. ಇಲ್ಲಿ ಸುಂಕವೇ ದೊಡ್ಡ ವಿಷಯ.

2025ರ ಅಕ್ಟೋಬರ್‌ನಲ್ಲಿ ಅಂಚೆ ಮತ್ತೆ ಶುರುವಾದಾಗ ಅಮೆರಿಕಕ್ಕೆ ಹೋಗುವ ಸಾಮಾನಿಗೆ, ಚೀಟಿಯಲ್ಲಿ ಬರೆದ ಬೆಲೆಯ ಮೇಲೆ ಶೇ 50 ಸುಂಕ ಇತ್ತು. ಅದನ್ನು ಇಲ್ಲೇ ಬುಕ್ ಮಾಡುವಾಗ ಕಟ್ಟಿಸಿಕೊಳ್ಳುವ ಪದ್ಧತಿ ಬಂತು. ಕೊರಿಯರ್‌ನಲ್ಲಾದರೆ ಆಯಾ ವಸ್ತುವಿನ ಬೇರೆ ಸುಂಕವೂ ಸೇರುತ್ತಿತ್ತು, ಅಂಚೆಗೆ ಅದಿರಲಿಲ್ಲ. ಈ ದರಗಳು ಮೇಲೆ ಕೆಳಗೆ ಆಗುತ್ತಲೇ ಇರುತ್ತವೆ. ಆದ್ದರಿಂದ ಗ್ರಾಹಕರಿಗೆ ಬೆಲೆ ಹೇಳುವ ದಿನವೇ ಕೌಂಟರಿನಲ್ಲಿ ಆವತ್ತಿನ ದರ ಕೇಳಿಕೊಳ್ಳಿ.

ಸುಂಕವನ್ನು ಇಲ್ಲೇ ಕಟ್ಟಿ ಕಳಿಸುವುದಾ, ಕೊಂಡವರೇ ಅಲ್ಲಿ ಕಟ್ಟಲಿ ಅಂತ ಬಿಡುವುದಾ? ಎರಡನೆಯದು ಮೊದಲಿಗೆ ಅಗ್ಗ ಕಾಣುತ್ತದೆ. ಬಾಗಿಲಿಗೆ ಬಂದ ಪೆಟ್ಟಿಗೆಯ ಜೊತೆ ಬಿಲ್ ನೋಡಿ ಅವರು ಬೇಡ ಅಂದರೆ? ಹೋದ ಖರ್ಚು, ಬಂದ ಖರ್ಚು ಎರಡೂ ನಿಮ್ಮದು. ಇಲ್ಲೇ ಕಟ್ಟಿ, ಬೆಲೆಯಲ್ಲಿ ಸೇರಿಸಿ, ಅದನ್ನು ತೆರೆದು ಹೇಳಿ ಮಾರುವುದೇ ನೆಮ್ಮದಿ. ವ್ಯಾಪಾರದ ಸಾಮಾನನ್ನು 'ಉಡುಗೊರೆ' ಅಂತ ಬರೆಯಬೇಡಿ. ಉಡುಗೊರೆಯ ವಿನಾಯಿತಿ ಒಬ್ಬ ವ್ಯಕ್ತಿ ಇನ್ನೊಬ್ಬ ವ್ಯಕ್ತಿಗೆ ಕೊಡುವುದಕ್ಕೆ ಮಾತ್ರ. ಆಮದು-ರಫ್ತು ಕೋಡ್ ಮಾಡಿಸಿಕೊಂಡು ಅಂಚೆಯ ರಫ್ತು ಕೇಂದ್ರವಾದ ಡಾಕ್ ಘರ್ ನಿರ್ಯಾತ್ ಕೇಂದ್ರದ ಮೂಲಕ ಕಳಿಸಿದರೆ ರಫ್ತಿನ ಬಿಲ್ ನಿಮ್ಮ ಹೆಸರಿನಲ್ಲಿರುತ್ತದೆ.

ಮನೆಯವರೂ ಕಸ್ಟಮ್ಸ್ ಚೀಟಿಯಲ್ಲಿ ಬರೀ 'ಗಿಫ್ಟ್' ಅಥವಾ 'ಫುಡ್' ಅಂತ ಬರೆಯಬೇಡಿ. 'ಮನೆಯಲ್ಲಿ ಮಾಡಿದ ಶೇಂಗಾ ಸಿಹಿ, 2 ಕೆ.ಜಿ., ಬೆಲೆ ಇಷ್ಟು' ಎಂದು ಇಂಗ್ಲಿಷಿನಲ್ಲಿ ಬಿಡಿಸಿ ಬರೆಯಿರಿ. ಪಾರ್ಸಲ್‌ಗೆ ತುಂಬುವ ದೊಡ್ಡ ಫಾರಂನಲ್ಲಿ, ಮುಟ್ಟಿಸಲು ಆಗದಿದ್ದರೆ ವಾಪಸ್ ಕಳಿಸಬೇಕಾ ಅಲ್ಲೇ ಬಿಟ್ಟುಬಿಡಬೇಕಾ ಎಂಬ ಸಾಲು ಇರುತ್ತದೆ. ಬಹಳ ಜನ ಖಾಲಿ ಬಿಡುತ್ತಾರೆ. ತಿನಿಸಿಗೆ 'ಬಿಟ್ಟುಬಿಡಿ', ಬಿದರಿಗೆ 'ವಾಪಸ್' ಎಂದು ಗುರುತು ಹಾಕಿ.

ಆಗಲೇ ದಾರಿಯಲ್ಲಿ ಸಿಕ್ಕಿಕೊಂಡಿದ್ದರೆ

ಪೆಟ್ಟಿಗೆ ಭಾರತದೊಳಗೇ ಇದೆಯಾ, ದಾಟಿದೆಯಾ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಒಳಗೇ ಇದ್ದರೆ, ಬುಕ್ ಮಾಡಿದ ಕಚೇರಿಗೆ ರಸೀದಿ ತೆಗೆದುಕೊಂಡು ಹೋಗಿ ವಾಪಸ್ ತರಿಸಿಕೊಳ್ಳುವ ಅರ್ಜಿ ಕೊಡಬಹುದು. 2025ರಲ್ಲಿ ಕಳಿಸಲಾಗದೆ ಉಳಿದವುಗಳ ಅಂಚೆ ಶುಲ್ಕವನ್ನು ಮರಳಿ ಕೇಳಬಹುದು ಎಂದು ಇಲಾಖೆಯೇ ಹೇಳಿತ್ತು. ಬೆಲೆಯ ವಸ್ತು ಆದರೆ ವಾಪಸ್ ತರಿಸಿಕೊಂಡು ಬೇರೆ ದಾರಿ ಹಿಡಿಯಿರಿ. ಬಟ್ಟೆ, ಪುಸ್ತಕ ಆದರೆ ಬಿಡಿ, ಕಾಯಿರಿ.

ದಾಟಿದ್ದರೆ ಕಾಯುವುದೇ ದಾರಿ. ಅವಸರಪಟ್ಟು ಅದೇ ಸಾಮಾನಿನ ಎರಡನೇ ಪೆಟ್ಟಿಗೆ ಕಳಿಸಬೇಡಿ. ಅದೂ ಅದೇ ರಾಶಿಯ ಕೆಳಗೆ ಬೀಳುತ್ತದೆ. ಕೊರಿಯರ್ ಆದರೆ ಫೋನ್ ಮಾಡಿ "ಯಾವ ಕಾಗದ ಬೇಕಾಗಿದೆ?" ಎಂದು ನೇರ ಕೇಳಿ. ಬಹಳ ಸಲ ಆಧಾರ್ ಪ್ರತಿ, ಇನ್‌ವಾಯ್ಸ್, ಪಡೆಯುವವರ ಫೋನ್ ನಂಬರ್ ಇಷ್ಟರಲ್ಲೇ ಯಾವುದೋ ಒಂದು ತಪ್ಪಿರುತ್ತದೆ.

ಇಂಥ ಹೊತ್ತಿನಲ್ಲೇ ಮೋಸದ ಮೆಸೇಜ್ ಬರುತ್ತವೆ. "ನಿಮ್ಮ ಪಾರ್ಸಲ್ ನಿಂತಿದೆ, ವಿಳಾಸ ಸರಿಪಡಿಸಲು ಈ ಲಿಂಕ್ ಒತ್ತಿ, ಸ್ವಲ್ಪ ದುಡ್ಡು ಕಟ್ಟಿ." ಒತ್ತಬೇಡಿ. ನಿಮ್ಮ ಪಾರ್ಸಲ್‌ನಲ್ಲಿ ಮಾದಕ ವಸ್ತು ಸಿಕ್ಕಿದೆ ಎಂದು ಪೊಲೀಸರ ದನಿಯಲ್ಲಿ ಹೆದರಿಸುವ ಕರೆಗಳೂ ಬರುತ್ತವೆ. ಮನೆಯಲ್ಲಿ ವಯಸ್ಸಾದವರಿಗೆ ಇದನ್ನು ಮೊದಲೇ ಹೇಳಿಡಿ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ನಿಜವಾಗಿಯೂ ಕಳೆದಿದೆ ಅನಿಸಿದರೆ ದೂರಿಗೆ ಗಡುವು ಇದೆ. ಪಾರ್ಸಲ್ ಮತ್ತು ರಿಜಿಸ್ಟರ್ಡ್ ಅಂಚೆಗೆ ಆರು ತಿಂಗಳು, ಇ.ಎಂ.ಎಸ್.ಗೆ ನಾಲ್ಕು ತಿಂಗಳು. ವಿಚಾರಣೆ ಶುರುವಾಗುವುದು ಕಳಿಸಿದವರ ಕಡೆಯಿಂದ. ಅಂಚೆಯ ಸಹಾಯವಾಣಿ 1800 266 6868, ಗ್ರಾಹಕ ಸಹಾಯವಾಣಿ 1915. ಎಲ್ಲ ಕಡೆ ಮೊದಲು ಕೇಳುವುದು ಆ 13ರ ನಂಬರ್. ಅದು ಇರುವ ರಸೀದಿ ಬಿಸಿಗೆ ಅಚ್ಚಾಗುವ ನಯವಾದ ಕಾಗದ. ನಮ್ಮ ಮೇ ತಿಂಗಳ ಬಿಸಿಲಿಗೆ, ಅಡುಗೆಮನೆಯ ಗೂಡಿನಲ್ಲಿಟ್ಟರೆ ಎರಡೇ ತಿಂಗಳಿಗೆ ಬೆಳ್ಳಗಾಗಿಬಿಡುತ್ತದೆ. ಕೌಂಟರಿನ ಮುಂದೆ ನಿಂತಾಗಲೇ ಅದರ ಫೋಟೊ ತೆಗೆದು, ಪೆಟ್ಟಿಗೆ ಪಡೆಯುವವರಿಗೂ ಕಳಿಸಿಬಿಡಿ. ದೀಪಾವಳಿಗೆ ಅವ್ವ ಮತ್ತೆ ಮಾಡಿದ ಡಬ್ಬಿಯ ರಸೀದಿಯನ್ನು ನಾನು ಹಾಗೇ ತಂಗಿಗೆ ಕಳಿಸಿದೆ. ಈ ಸಲ ಆ ಡಬ್ಬಿಯಲ್ಲಿ ಹೋಳಿಗೆ ಇಡಲಿಲ್ಲ, ಶೇಂಗಾ ಹಿಂಡಿ ಮತ್ತು ಬೇಳೆ ಇಟ್ಟೆವು.